ಒಂದು ಕಂಪ್ಯೂಟರ್, ಐದು ಬಾಗಿಲು

ನಮ್ಮ ಮನೆಯ ಕಂಪ್ಯೂಟರ್ ಸೆಕೆಂಡ್ ಹ್ಯಾಂಡ್. ತಂದ ದಿನ ಅದನ್ನು ಟಿವಿ ಪಕ್ಕದ ಟೇಬಲ್ ಮೇಲಿಟ್ಟೆವು. ಅವ್ವ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಮಾನಿಟರ್ ತಲೆಯ ಮೇಲೆ ಸೇವಂತಿಗೆ ಸಿಗಿಸಲು ಹೋದಳು, ಅದು ನಿಲ್ಲದೆ ಕೀಬೋರ್ಡ್ ಮೇಲೆ ಬಿತ್ತು, ಕೊನೆಗೆ ಅಲ್ಲೇ ಇರಲಿ ಅಂತ ಬಿಟ್ಟದ್ದಾಯಿತು. ಸ್ವಿಚ್ ಹಾಕಿದೆ. ತೆರೆಯ ನಡುವೆ ಒಂದು ದುಂಡನೆಯ ಬೂದು ಬೊಂಬೆ, ಅದರ ಕೆಳಗೆ ‘ಎಚ್‌ಪಿ’ ಅಂತ ಹೆಸರು.

“ಇದು ಎಚ್. ಪಾಟೀಲರ ಮನೀದೇನು?” ಅಂದಳು ಅವ್ವ. “ಯಾವ ಪಾಟೀಲರು? ಸಿಂದಗಿ ಕಡೆಯವರೇನು?”

ಪಾಟೀಲರೂ ಅಲ್ಲ, ಸಿಂದಗಿಯೂ ಅಲ್ಲ, ಅದು ಕಂಪನಿ ಹೆಸರು ಅಂತ ತಿಳಿಸಿ ಹೇಳಿದೆ. ವಿಂಡೋಸ್ ಹಾಕಿಕೊಡುವ ಹುಡುಗರು ಅವಸರದಲ್ಲಿರುತ್ತಾರೆ, ಹೆಸರು ಏನಿಡಲಿ ಅಂತ ಅದು ಕೇಳಿದರೆ ಎದುರಿಗೆ ಡಬ್ಬಿಯ ಮೇಲೆ ಕಂಡದ್ದನ್ನೇ ಹೊಡೆದುಬಿಡುತ್ತಾರೆ. ಹಡೆದವರಿಗೆ ಪುರಸೊತ್ತಿಲ್ಲ ಅಂತ ಸೂಲಗಿತ್ತಿಯೇ ಹೆಸರಿಟ್ಟು ಹೋದ ಹಾಗೆ. ಎಷ್ಟು ಮನೆಗಳಲ್ಲಿ ಈಗಲೂ ಡೆಲ್, ಯೂಸರ್, ಅಡ್ಮಿನ್ ಅನ್ನುವವರೇ ಯಜಮಾನರಾಗಿ ಕೂತಿದ್ದಾರೋ.

ಎರಡು ವರ್ಷ ನಾವೆಲ್ಲ ಎಚ್‌ಪಿಯಾಗಿಯೇ ಬಾಳಿದೆವು. ಪಾಸ್‌ವರ್ಡ್ ಇರಲಿಲ್ಲ. ಮುಂಜಾನೆ ಮಗಳು ವಾಲ್‌ಪೇಪರ್‌ಗೆ ಬೆಕ್ಕಿನ ಮರಿ ಹಾಕಿದರೆ ಸಂಜೆಗೆ ಅಲ್ಲಿ ಸಿದ್ಧೇಶ್ವರ ಜಾತ್ರೆಯ ಫೋಟೋ ಇರುತ್ತಿತ್ತು. ಡೆಸ್ಕ್‌ಟಾಪ್ ಮೇಲೆ ಹೆಂಡತಿಯ ಜಂಪರ್ ಡಿಸೈನು, ತಮ್ಮನ ಜಿಎಸ್‌ಟಿ ಲೆಕ್ಕ, ಅಪ್ಪನ ಪೆನ್ಶನ್ ಚೀಟಿ, ಮಗಳ ಸಾಲಿ ಪ್ರಾಜೆಕ್ಟು ಎಲ್ಲ ಸಂತೆಯ ಹಾಗೆ. ಅದರಲ್ಲಿ ಅರ್ಧಕ್ಕರ್ಧ ಫೈಲುಗಳ ಹೆಸರು ‘ಫೈನಲ್’. ಉಳಿದದ್ದು ‘ಫೈನಲ್ 2’.

ಆಗಬೇಕಾದ್ದು ಆಯಿತು. ಒಂದು ದಿನ ತಮ್ಮ ತನ್ನ ಲೆಕ್ಕದ ಫೈನಲ್ ಅಂತ ತಿಳಿದು ಮಗಳ ಫೈನಲ್ಲನ್ನು ಆಡಿಟರ್‌ಗೆ ಕಳಿಸಿದ. ಹತ್ತು ನಿಮಿಷಕ್ಕೆ ಅವರ ಫೋನು. “ಸರ, ಇದರಾಗ ಸೂರ್ಯ ಐತಿ, ಎಲಿ ಐತಿ, ಬಾಣ ಹಾಕಿ ನೀರು ಮ್ಯಾಲೆ ಏರ್ತದ ಅಂತ ತೋರ್ಸ್ಯಾರ. ಖರೀದಿ ಬಿಲ್ ಎಲ್ಲೈತಿ?”

ಅವತ್ತೇ ರಾತ್ರಿ ಊಟದ ಹೊತ್ತಿಗೆ ತೀರ್ಮಾನವಾಯಿತು, ವಾಟ್ನಿ ಮಾಡಿಬಿಡೋಣ ಅಂತ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು ನಿಂತಳು. ಆ ಶಬ್ದ ಕೇಳಿದರೆ ನಮ್ಮ ಕಡೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ, ಹೊಲ ಮನೆ ಪಾಲಾಗಿ ಅಣ್ಣ ತಮ್ಮ ಮಾತು ಬಿಟ್ಟ ಕತೆ ಪ್ರತಿ ಓಣಿಯಲ್ಲೂ ಒಂದೆರಡು ಇರುತ್ತವಲ್ಲ. ಕಂಪ್ಯೂಟರಿನದು ಅಂತ ಗೊತ್ತಾದ ಮೇಲೆ, “ಅಷ್ಟ ಏನು, ಮಾಡ್ಕೋರಿ” ಅಂತ ಒಳಗೆ ಹೋದಳು.

ವಾಟ್ನಿ, ಅಂದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ, ಮಾಡುವುದು ಹೇಳಿದಷ್ಟು ಸುಲಭ ಅಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ಅಕೌಂಟ್ಸ್ ತೆರೆದು, ಬೇರೆಯವರನ್ನು ಸೇರಿಸು ಅಂತ ಒತ್ತಿದರೆ ಅದು ಮೊದಲು ಕೇಳುವುದೇ ಇಮೇಲ್. ಇಮೇಲ್ ಇಲ್ಲದವರು? ನಮ್ಮ ಅಪ್ಪ? ಅದಕ್ಕೂ ದಾರಿ ಇದೆ, ಆದರೆ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ. ‘ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ನನ್ನ ಹತ್ತಿರ ಇಲ್ಲ’ ಅನ್ನುವ ಸಾಲು ಒತ್ತಬೇಕು, ಆಮೇಲೆ ಬರುವ ಪುಟದಲ್ಲಿ ಮತ್ತೆ ಅಡಿಗೆ ಇಳಿದು ‘ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಸೇರಿಸು’ ಅನ್ನುವುದನ್ನು ಒತ್ತಬೇಕು. ಇಳಕಲ್ ಸೀರೆ ಅಂಗಡಿಯಲ್ಲಿ ಐದು ಸಾವಿರದ್ದನ್ನೇ ಮುಂದೆ ಹಾಸುತ್ತಾರೆ, ಎಂಟುನೂರರದ್ದು ಕೆಳಗಿನ ಖಾನೆಯಲ್ಲಿ ಇದ್ದೇ ಇರುತ್ತದೆ, ನಾವೇ ಬಗ್ಗಿ ಕೇಳಬೇಕು. ಹಾಗೆ.

ತಮ್ಮ ಮಾತ್ರ ನನಗೆ ಇಮೇಲ್ ಖಾತೆಯೇ ಬೇಕು ಅಂದ. ಕೊಟ್ಟೆ. ಅವನ ಹೆಸರು ಮಲ್ಲಿಕಾರ್ಜುನ, ಇಮೇಲೂ ಅದೇ ಹೆಸರಿಂದ ಶುರು. ವಿಂಡೋಸ್ ಒಂದು ಕೆಲಸ ಮಾಡುತ್ತದೆ, ಇಮೇಲ್ ಕೊಟ್ಟು ಖಾತೆ ಮಾಡಿದರೆ ಅದರ ಮೊದಲ ಐದು ಇಂಗ್ಲಿಷ್ ಅಕ್ಷರ ಕತ್ತರಿಸಿ ಸಿ ಡ್ರೈವ್‌ನಲ್ಲಿ ಅವರ ಫೋಲ್ಡರಿಗೆ ಹೆಸರಿಡುತ್ತದೆ. ಯಾರನ್ನೂ ಕೇಳುವುದಿಲ್ಲ. ಎಮ್, ಎ, ಎಲ್, ಎಲ್, ಐ. ಆರಡಿ ಎತ್ತರದ, ಮೀಸೆ ತಿರುವುವ ನನ್ನ ತಮ್ಮ ಮಲ್ಲಿಯಾದ. ಮೊದಲು ನೋಡಿದವಳು ನನ್ನ ಹೆಂಡತಿ. ಮರುದಿನ ಮುಂಜಾನೆ ಮೈದುನನ ಮುಂದೆ ಕಪ್ಪು ಇಟ್ಟು, “ಬಾರವಾ ಮಲ್ಲಿ, ಚಾ ಕುಡಿ” ಅಂದಳು.

ನಗುತ್ತಾ ಕೂತವನಿಗೆ ನನ್ನದೂ ಅದೇ ಗತಿ ಅಂತ ಆಮೇಲೆ ಗೊತ್ತಾಯಿತು. ಹಳೆಯ ಎಚ್‌ಪಿ ಖಾತೆಯನ್ನು ನಾನೇ ಇಟ್ಟುಕೊಂಡು ಹೆಸರಷ್ಟೇ ಬದಲಿಸಿದ್ದೆ. ಸೈನ್ ಇನ್ ಪುಟದಲ್ಲಿ ನನ್ನ ಹೆಸರು ಚೆಂದವಾಗಿ ಬರುತ್ತದೆ. ಒಳಗೆ ಫೋಲ್ಡರ್ ಇನ್ನೂ ಎಚ್‌ಪಿ. ಮೇಲಿನ ಹೆಸರು ಬದಲಿಸಿದರೆ ಫೋಲ್ಡರಿನದು ಬದಲಾಗುವುದಿಲ್ಲ, ಅದನ್ನು ಕೆದಕಲು ಹೋದರೆ ಇದ್ದಬದ್ದ ಪ್ರೋಗ್ರಾಮುಗಳು ದಾರಿ ತಪ್ಪುತ್ತವೆ, ಸುಮ್ನೆ ಬಿಡುವುದೇ ಒಳ್ಳೆಯದು. ಇದರಲ್ಲಿ ನನಗೇನೂ ಆಶ್ಚರ್ಯ ಆಗಲಿಲ್ಲ. 2014ರ ನವೆಂಬರ್ 1ಕ್ಕೆ ನಮ್ಮ ಊರು ಬಿಜಾಪುರ ಹೋಗಿ ವಿಜಯಪುರ ಆಯಿತು, ಬೋರ್ಡು ಬದಲಾದವು, ಲೆಟರ್‌ಹೆಡ್ ಬದಲಾದವು. ಅವ್ವ ಇವತ್ತಿಗೂ ತವರಿಂದ ಹೊರಟರೆ ಕಂಡಕ್ಟರ್‌ಗೆ “ಬಿಜಾಪುರ ಒಂದು” ಅನ್ನುತ್ತಾಳೆ, ಅವನೂ ಮರುಮಾತಿಲ್ಲದೆ ಚೀಟಿ ಹರಿದು ಕೊಡುತ್ತಾನೆ. ಹೆಂಡತಿ ಮಾತ್ರ ನನ್ನನ್ನು ಆಗಾಗ “ಪಾಟೀಲ್ರ” ಅಂತ ಕರೆಯುವುದು ನಿಲ್ಲಿಸಿಲ್ಲ.

ಅಡ್ಮಿನಿಸ್ಟ್ರೇಟರ್ ನಾನೊಬ್ಬನೇ. ಉಳಿದ ನಾಲ್ವರೂ ಸ್ಟ್ಯಾಂಡರ್ಡ್ ಯೂಸರ್. ಅಂದರೆ ಅವರು ತಮ್ಮ ಕೋಣೆಯಲ್ಲಿ ಏನಾದರೂ ಮಾಡಿಕೊಳ್ಳಬಹುದು, ಮನೆಯ ಗೋಡೆಗೆ ಮೊಳೆ ಹೊಡೆಯಬೇಕಾದರೆ ನನ್ನನ್ನು ಕೇಳಬೇಕು. ಹೊಸದೇನಾದರೂ ಹಾಕಲು ಹೋದರೆ ತೆರೆ ಮಬ್ಬಾಗಿ ನಡುವೆ ಒಂದು ಡಬ್ಬಿ ಬಂದು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದಲ್ಲ, ಅದು. 2007ರಲ್ಲಿ ವಿಂಡೋಸ್ ವಿಸ್ತಾ ಜೊತೆ ಬಂದ ಪದ್ಧತಿ, ಆಗ ಜನ ಬಾಯಿಗೆ ಬಂದಂತೆ ಬೈದರು. ನನಗೆ ಮೊದಲ ಮೂರು ದಿನ ಅದರಲ್ಲಿ ಒಂಥರಾ ಖುಷಿ ಇತ್ತು, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ಟಿವಿ ರಿಮೋಟು ಸಹ ನನ್ನ ಕೈಯಲ್ಲಿ ಇರುವುದಿಲ್ಲ, ಇದಾದರೂ ಇದೆಯಲ್ಲ ಅಂತ. ನಾಲ್ಕನೇ ದಿನ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದಾಗ ಹೆಂಡತಿಯ ಫೋನು, “ಪ್ರಿಂಟರ್‌ದು ಏನೋ ಕೇಳಾಕತ್ತೈತ್ರಿ, ಹೇಳ್ರಿ ಲಗೂನ.” ಬಾಯಿಗೆ ಕೈ ಅಡ್ಡ ಹಿಡಿದು ಪಾಸ್‌ವರ್ಡ್ ಹೇಳಿದೆ. ಕೇಳಿಸಲಿಲ್ಲ ಅಂದಳು. ಜೋರಾಗಿ ಹೇಳಿದೆ. ಮೀಟಿಂಗಿನಲ್ಲಿದ್ದ ಒಬ್ಬರು ಬರೆದುಕೊಂಡರೋ ಏನೋ.

ಖಾತೆ ತೆರೆಯಲು ನಾಲ್ಕು ಅಂಕಿಯ ಪಿನ್ ಸಾಕಾ, ಉದ್ದನೆಯ ಪಾಸ್‌ವರ್ಡ್ ಜಾಸ್ತಿ ಗಟ್ಟಿ ಅಲ್ವಾ ಅಂತ ತಮ್ಮನ ತಕರಾರು. ನನಗೂ ಹಾಗೇ ಅನಿಸಿತ್ತು. ಆದರೆ ಲೆಕ್ಕ ಬೇರೆ ಇದೆ. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಕದ್ದವನು ಎಲ್ಲೋ ದೂರದಲ್ಲಿ ಕೂತು ನಿಮ್ಮ ಇಮೇಲ್ ತೆರೆಯಬಹುದು. ಪಿನ್ ಈ ಒಂದು ಯಂತ್ರಕ್ಕಷ್ಟೇ ಕಟ್ಟಿದ್ದು, ಅದನ್ನು ಕದ್ದವನು ನಮ್ಮ ಹಾಲ್‌ಗೆ ಬಂದು ಇದೇ ಕುರ್ಚಿಯಲ್ಲಿ ಕೂರಬೇಕು, ಅಷ್ಟರಲ್ಲಿ ಅವ್ವ ಅವನಿಗೆ ನೀರು ಕೊಟ್ಟು ಯಾವೂರು, ಯಾರ ಪೈಕಿ ಅಂತ ಕೇಳಿ ಮುಗಿಸಿರುತ್ತಾಳೆ. ಸುಮ್ಮನೆ ಊಹಿಸಿ ಒತ್ತುತ್ತಾ ಹೋದರೂ ಆಗುವುದಿಲ್ಲ. ನಾಲ್ಕಾರು ಸಲ ತಪ್ಪಾದರೆ ‘ಎ 1 ಬಿ 2 ಸಿ 3’ ಅಂತ ಟೈಪ್ ಮಾಡಿ ತೋರಿಸು ಅನ್ನುತ್ತದೆ, ಒಂದನೇ ಇಯತ್ತೆಯ ಹುಡುಗನಿಗೆ ಅಂದ ಹಾಗೆ. ಅದಾದ ಮೇಲೂ ತಪ್ಪಿದರೆ ಸ್ವಲ್ಪ ಹೊತ್ತು ಬಾಗಿಲೇ ತೆಗೆಯುವುದಿಲ್ಲ. ಇದು ನನಗೆ ಹೇಗೆ ಗೊತ್ತು ಅಂದರೆ, ತಮ್ಮನ ಪಿನ್ ಅವನ ಗಾಡಿ ನಂಬರ್ ಇರಬೇಕು ಅಂತ ಮಗಳು ಪ್ರಯತ್ನಪಟ್ಟಿದ್ದಳು. ಗಾಡಿ ನಂಬರೇ ಆಗಿತ್ತು, ಆದರೆ ಹಳೆಯ ಗಾಡಿಯದು.

ಒಂದು ರಾತ್ರಿ ನಾನೇ ಹೊರಗೆ ಉಳಿದೆ. ಸಂಘಕ್ಕೊಂದು ಅರ್ಜಿ ಅಂತ ಕನ್ನಡದಲ್ಲಿ ಟೈಪ್ ಮಾಡುತ್ತಿದ್ದೆ, ಊಟಕ್ಕೆ ಎದ್ದು ಹೋದೆ, ಬಂದು ನೋಡಿದರೆ ತೆರೆ ಲಾಕ್ ಆಗಿತ್ತು. ನನ್ನದು ಪಿನ್ ಅಲ್ಲ, ಪಾಸ್‌ವರ್ಡು. ಹೊಡೆದೆ, ತಪ್ಪು. ನಿಧಾನಕ್ಕೆ ಒಂದೊಂದೇ ಬೆರಳಲ್ಲಿ ಹೊಡೆದೆ, ತಪ್ಪು. ಯಾರೋ ಹ್ಯಾಕ್ ಮಾಡಿದರು ಅಂತ ಬೆವರು ಬಂತು. ಮೀಟಿಂಗಿನಲ್ಲಿ ಪಕ್ಕ ಕೂತವರ ಮುಖಗಳೆಲ್ಲ ಒಂದೊಂದೇ ಕಣ್ಣ ಮುಂದೆ ಬಂದವು. ಕೊನೆಗೆ ಮಗಳು ಬಂದು, ಪಾಸ್‌ವರ್ಡ್ ಡಬ್ಬಿಯ ತುದಿಯಲ್ಲಿ ಕಣ್ಣಿನ ಚಿತ್ರ ಇರುತ್ತದಲ್ಲ, ಅದನ್ನು ಒತ್ತಿದಳು. ಕಪ್ಪು ಚುಕ್ಕೆಗಳು ಹೋಗಿ ಅಲ್ಲಿ ಬಾದಾಮಿಯ ಬಂಡೆಗಲ್ಲಿನ ಮೇಲಿನ ಶಾಸನದ ಹಾಗೆ ಕೊಂಬು, ದೀರ್ಘ, ಅರ್ಧ ಒತ್ತು ಕಂಡವು. ಕೆಳಗೆ ಮೂಲೆಯಲ್ಲಿ ಭಾಷೆ ಕನ್ನಡ ಅಂತ ತೋರಿಸುತ್ತಿತ್ತು. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದಳು, ಇಂಗ್ಲಿಷ್ ಆಯಿತು, ಬಾಗಿಲು ತೆರೆಯಿತು. “ಅಪ್ಪಾ, ಇಷ್ಟಕ್ಕ ಕಾಕಾನ ಮ್ಯಾಲೆ ಸಂಶೇ ಪಟ್ರ್ಯಾ?” ಅಂದಳು. ಪಟ್ಟಿದ್ದೆ ಮತ್ತೆ.

ಕಂಪ್ಯೂಟರಿಗೆ ಪಾಸ್‌ವರ್ಡ್ ಅಂತ ಬಂದದ್ದೇ ಇಂಥ ಒಂದು ದೊಡ್ಡ ಮನೆಯಿಂದ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಒಂದೇ ಕಂಪ್ಯೂಟರನ್ನು ಬಹಳ ಜನ ಹಂಚಿಕೊಂಡು ಬಳಸುತ್ತಿದ್ದರು. ಒಬ್ಬರ ಫೈಲು ಇನ್ನೊಬ್ಬರಿಗೆ ಕಾಣಬಾರದು ಅಂತ ಫರ್ನಾಂಡೊ ಕೊರ್ಬಾಟೊ ಎಂಬುವರ ತಂಡ ಪ್ರತಿಯೊಬ್ಬರಿಗೂ ಒಂದೊಂದು ಪಾಸ್‌ವರ್ಡ್ ಕೊಟ್ಟಿತು. ಪ್ರತಿಯೊಬ್ಬರಿಗೂ ಇಷ್ಟೇ ಗಂಟೆ ಅಂತ ಲೆಕ್ಕ ಇತ್ತು. ಅಲನ್ ಶೆರ್ ಅನ್ನುವ ವಿದ್ಯಾರ್ಥಿಗೆ ಆ ಗಂಟೆ ಸಾಲಲಿಲ್ಲ. 1962ರಲ್ಲಿ ಒಂದು ಶುಕ್ರವಾರ ರಾತ್ರಿ, ಪಾಸ್‌ವರ್ಡ್ ಫೈಲನ್ನು ಪ್ರಿಂಟ್ ಮಾಡು ಅಂತ ಕಂಪ್ಯೂಟರಿಗೇ ಚೀಟಿ ಹಾಕಿದ, ಶನಿವಾರ ನಸುಕಿನಲ್ಲಿ ಹೋಗಿ ಪ್ರಿಂಟು ಎತ್ತಿಕೊಂಡು ಬಂದ. ಕದಿಯಲೂ ಇಲ್ಲ, ಒಡೆಯಲೂ ಇಲ್ಲ, ಬರೇ ಕೇಳಿದ.

ಈ ಕತೆಯನ್ನು ನಾನು ಮಗಳಿಗೆ ಹೇಳಬಾರದಿತ್ತು. ಅವಳ ಖಾತೆಗೆ ದಿನಕ್ಕೆ ಒಂದು ತಾಸು ಅಂತ ಮಿತಿ ಹಾಕಿದ್ದೆ. ಅವಳ ಮುತ್ಯಾನ, ಅಂದರೆ ನಮ್ಮ ಅಪ್ಪನ, ಖಾತೆಗೆ ಮಿತಿ ಇಲ್ಲ. ಅವಳು ಕದಿಯಲಿಲ್ಲ, ಒಡೆಯಲಿಲ್ಲ. ಮುತ್ಯಾ ಸೈನ್ ಇನ್ ಆಗುವಾಗ ಪಕ್ಕದ ಕೋಣೆಯಲ್ಲಿ ಸುಮ್ಮನೆ ಕೂತಳು, ಅಷ್ಟೇ. ನಮ್ಮ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತಿಯಾದವರು, ಮೂವತ್ತು ವರ್ಷ ಹುಡುಗರಿಗೆ ಮಗ್ಗಿ ಹೇಳಿಸಿದ ಗಂಟಲು, ಅಂಕಿ ಕಂಡರೆ ಬಾಯಿ ತಾನೇ ತೆರೆಯುತ್ತದೆ. ಒಂದೊಂದು ಅಂಕಿ ಒತ್ತುವಾಗಲೂ ಗಟ್ಟಿಯಾಗಿ ಹೇಳುತ್ತಾರೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಈ ಕಡೆ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಆ ಕಡೆ ಕೇಳಿಸುತ್ತದೆ ಅಂತ ಪ್ರವಾಸಿಗಳು ಬಾಯಿ ಬಿಡುತ್ತಾರೆ. ಅಪ್ಪನ ಪಿನ್‌ಗೆ ಗುಮ್ಮಟವೂ ಬೇಕಿಲ್ಲ, ಗೋಡೆಯೂ ಬೇಕಿಲ್ಲ. ಬಚ್ಚಲಲ್ಲಿ ಇದ್ದವರಿಗೂ ಕೇಳುತ್ತದೆ.

ಮಗಳ ಹಿಂದೆ ತಮ್ಮ ಹೋದ. ತನ್ನ ಖಾತೆಯಲ್ಲಿ ಪ್ರಿಂಟರ್ ಏನೋ ಗಲಾಟೆ ಮಾಡುತ್ತದೆ, ಅಪ್ಪನದರಲ್ಲಿ ಸರಿಯಾಗಿ ಬರುತ್ತದೆ ಅಂತ. ಹೆಂಡತಿ ಹೋದಳು. ಯಾಕೆ ಅಂದರೆ, “ಅವರದು ಹೆಂಗೂ ತಗದ ಇರ್ತೈತಿ, ಮತ್ತ ಯಾರು ಬಂದ್ ಮಾಡಿ ನಂದು ತಗೀಬೇಕ್ರಿ” ಅಂದಳು. ಅದೂ ಸರಿ. ಆಮೇಲೆ ಬೀಗರು, ನೆಂಟರು. ಹಿಂದೆ ವಿಂಡೋಸ್‌ನಲ್ಲಿ ಗೆಸ್ಟ್ ಅಂತಲೇ ಒಂದು ಖಾತೆ ಇತ್ತು, ಎಕ್ಸ್‌ಪಿ ಕಾಲದ ಸೈಬರ್ ಕೆಫೆ ನೆನಪಿದ್ದವರಿಗೆ ಗೊತ್ತು, ಒಬ್ಬೊಬ್ಬರಿಗೆ ಬಾತುಕೋಳಿ, ಗಿಟಾರ್, ಚೆಸ್ ಕಾಯಿ ಅಂತ ಚಿತ್ರ. ವಿಂಡೋಸ್ 10 ಬಂದ ಮೇಲೆ ಆ ಗೆಸ್ಟ್ ಖಾತೆ ತೆಗೆದುಹಾಕಿದರು. ತೆಗೆದವರ ಮನೆಗೆ ನೆಂಟರು ಬರುವುದಿಲ್ಲ ಅಂತ ಕಾಣುತ್ತದೆ. ನಮ್ಮಲ್ಲಿ ವಾರಕ್ಕೆ ಇಬ್ಬರಾದರೂ ಪೆನ್ ಡ್ರೈವ್ ಹಿಡಿದು ಬರುತ್ತಾರೆ. ಓಣಿಯ ಹುಡುಗ ಪರೀಕ್ಷೆಯ ಹಾಲ್ ಟಿಕೆಟ್ ಪ್ರಿಂಟಿಗೆ ಬಂದು, “ಮಾಸ್ತರ, ನಿಮ್ಮದರಾಗ ತಗೀಲ್ರ್ಯಾ?” ಅಂದರೆ ಅಪ್ಪ ಯಾವತ್ತು ಇಲ್ಲ ಅಂದಾರು?

ನಾನು ಬಳಸದ ಖಾತೆಗಳನ್ನು ತೆಗೆದುಬಿಡೋಣ ಅಂತ ಹೊರಟೆ. ಮಲ್ಲಿಯದರ ಮೇಲೆ ರಿಮೂವ್ ಒತ್ತಿದರೆ, ಈ ವ್ಯಕ್ತಿಯ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋ ಎಲ್ಲ ಅಳಿಸಿಹೋಗುತ್ತವೆ ಅಂತ ಎಚ್ಚರಿಕೆ ಬಂತು. ಒಳಗೆ ಇಣುಕಿದೆ, ಅವನ ಮದುವೆಯ ವಿಡಿಯೋ ಇತ್ತು. ಬಿಟ್ಟೆ. ಹೀಗಾಗಿ ಸೈನ್ ಇನ್ ಪುಟದಲ್ಲಿ ಐದು ಹೆಸರು ಸಾಲಾಗಿ ಇವೆ, ನಾಲ್ಕಕ್ಕೆ ಬೀಗ ಬಿದ್ದ ಮನೆಯ ಕಳೆ, ಅಪ್ಪನ ಡೆಸ್ಕ್‌ಟಾಪ್ ಮೇಲೆ ಜಂಪರ್ ಡಿಸೈನು, ಜಿಎಸ್‌ಟಿ, ಬೆಕ್ಕಿನ ಮರಿ, ಮೂರು ಫೈನಲ್ಲು.

ಹೋದ ರವಿವಾರ ಅಪ್ಪನಿಗೆ ಸಿಟ್ಟು ಬಂತು. ಪೆನ್ಶನ್ ಚೀಟಿ ಸಿಗಲಿಲ್ಲ. ನನ್ನನ್ನು ಕರೆದು, ಪಿನ್ ಬದಲಿಸುವುದು ಹೇಗೆ ತೋರಿಸು ಅಂದರು, ತೋರಿಸಿದೆ, ಆಚೆ ಹೋಗು ಅಂದರು, ಹೋದೆ. ಬಾಗಿಲು ಮುಂದೆ ಮಾಡಿಕೊಂಡರು. ಐದು ನಿಮಿಷ ಬಿಟ್ಟು ಹೊರಗೆ ಬಂದು, “ಇನ್ನ ಮ್ಯಾಲೆ ಯಾರೂ ನನ್ನದರಾಗ ಬರಂಗಿಲ್ಲ” ಅಂತ ಸಾರಿದರು.

ಸೋಮವಾರ ಮುಂಜಾನೆ ಅಡುಗೆಮನೆಯಲ್ಲಿ ಚಾ ಕುದಿಯುತ್ತಿತ್ತು. ಹಾಲ್‌ನಿಂದ ದನಿ ಬಂತು. “ಏಳು...” ಸ್ವಲ್ಪ ಹೊತ್ತು ಬಿಟ್ಟು “ನಾಕು...” ಮತ್ತೆ “ಒಂದು...” ಆಮೇಲೆ ಸದ್ದಿಲ್ಲ. ಕನ್ನಡಕ ಹುಡುಕುತ್ತಿದ್ದರೋ, ಮರೆತಿದ್ದರೋ.

ಚಾ ಸೋಸುತ್ತಿದ್ದ ಹೆಂಡತಿ ತಲೆ ಎತ್ತದೆ ಅಲ್ಲಿಂದಲೇ ಕೂಗಿದಳು, “ಒಂಬತ್ತು ರೀ ಮಾವಾರ!”