ಒಂದು ಕಿಲೋಮೀಟರಿನ ಸರಸ್ವತಿ

ಶಿಕ್ಷಣ ಸಮಾಜದ ಎಲ್ಲರಿಗೂ ಬೇಕು ಎಂಬ ವಿಷಯದಲ್ಲಿ ಮುಂಬಯಿಯಲ್ಲಿ ಎರಡು ಮಾತಿಲ್ಲ. ಜೂನ್ ಬಂತೆಂದರೆ ಮಂತ್ರಿಗಳು ಗುಲಾಬಿ ಹಿಡಿದು ಶಾಲೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡ ಸಂಘಗಳು ಉಚಿತ ಪುಸ್ತಕ ಹಂಚಿ, ಹಂಚಿದವರಿಗೇ ಶಾಲು ಹೊದಿಸುತ್ತವೆ. ತಕರಾರು ಇರುವುದು ಈ ‘ಎಲ್ಲರೂ’ ಒಂದೇ ಬೆಂಚಿನ ಮೇಲೆ ಕೂರಬೇಕೇ ಎಂಬಲ್ಲಿ ಮಾತ್ರ.

ಆ ತಕರಾರನ್ನು ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಅಳತೆ ಟೇಪು ಹಿಡಿದು ಬಗೆಹರಿಸಲು ಹೊರಟ ಕಥೆ ಓದುಗರು ಬಲ್ಲದ್ದೇ. ಶಿಕ್ಷಣ ಹಕ್ಕು ಕಾಯ್ದೆಯಂತೆ ಖಾಸಗಿ ಶಾಲೆ ಬಡಮಕ್ಕಳಿಗೆ ಬಿಡಬೇಕಾದ ಶೇ. 25ರಷ್ಟು ಸೀಟುಗಳನ್ನು, ಒಂದು ಕಿಲೋಮೀಟರಿನೊಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಯೊಂದಿದ್ದರೆ ಬಿಡಬೇಕಿಲ್ಲ ಎಂದಿತು ಹೊಸ ನಿಯಮ. ಗಣಪತಿ ಮಂಟಪ, ವಡಾಪಾವ್ ಗಾಡಿ ಮತ್ತು ಪಾಲಿಕೆಯ ಶಾಲೆ ಇಲ್ಲದ ಕಿಲೋಮೀಟರನ್ನು ಈ ನಗರದಲ್ಲಿ ಹುಡುಕಿ ತೋರಿಸಿದವರಿಗೆ ಬಹುಮಾನ ಕೊಡಬಹುದು. ತವರಿನವರು ಮಾತ್ರ ಬೆನ್ನು ತಟ್ಟಿಕೊಳ್ಳಬೇಕು. ಇದೇ ಉಪಾಯವನ್ನು ಕರ್ನಾಟಕ 2018ರ ಕೊನೆಯಲ್ಲೇ ಜಾರಿಗೆ ತಂದು 2019ರಲ್ಲಿ ತನ್ನ ಹೈಕೋರ್ಟಿನಲ್ಲಿ ಗೆದ್ದೂ ಇತ್ತು. ಬೆಳಗಾವಿಯ ಗಡಿಯ ಬಗ್ಗೆ ಇಂದಿಗೂ ಒಮ್ಮತಕ್ಕೆ ಬಾರದ ಎರಡು ರಾಜ್ಯಗಳು ಬಡಮಕ್ಕಳ ಸುತ್ತ ಎಳೆಯಬೇಕಾದ ಗಡಿಯ ಬಗ್ಗೆ ಇಷ್ಟು ಸಲೀಸಾಗಿ ಒಂದಾದದ್ದು ಒಕ್ಕೂಟ ವ್ಯವಸ್ಥೆಯ ಹೆಗ್ಗಳಿಕೆಯಲ್ಲದೆ ಮತ್ತೇನು?

ಬಾಂಬೆ ಹೈಕೋರ್ಟಿಗೆ ಈ ಹೆಗ್ಗಳಿಕೆ ಅರ್ಥವಾಗಲಿಲ್ಲ. 2024ರ ಜುಲೈನಲ್ಲಿ ಅದು ಮಹಾರಾಷ್ಟ್ರದ ನಿಯಮವನ್ನು ರದ್ದುಪಡಿಸಿತು, ಸುಪ್ರೀಂ ಕೋರ್ಟೂ ಆ ತೀರ್ಪನ್ನೇ ಉಳಿಸಿತು. ಆದರೆ ನಿಯಮ ಹೋದರೂ ಆ ಸೀಟಿಗೆ ಹಾಕಬೇಕಾದ ಅರ್ಜಿ ಉಳಿದಿದೆ. ಮಾನ್‌ಖುರ್ದ್‌ನ ಒಂದು ಸೈಬರ್ ಅಂಗಡಿಯಲ್ಲಿ ಕಲಬುರಗಿ ಕಡೆಯ ಗಾರೆ ಕೆಲಸದ ದಂಪತಿ ಅದನ್ನು ತುಂಬುವುದನ್ನು ನೋಡಿದೆ. ನಕಾಶೆಯಲ್ಲಿ ಕೆಂಪು ಗುರುತನ್ನು ಎಳೆದು ತಂದು ತಮ್ಮ ಮನೆಯ ಮೇಲೆ ನಿಲ್ಲಿಸಬೇಕು. ಸಿಮೆಂಟಿನಿಂದ ಒಡೆದ ಬೆರಳು ಪರದೆಯ ಮೇಲೆ ಜಾರಿ ಗುರುತು ಸೀದಾ ಠಾಣೆ ಖಾಡಿಗೆ ಬಿತ್ತು. “ಯಪ್ಪಾ, ನಮ್ಮ ಮನಿ ನೀರಾಗ ಹೋತಲ್ರೀ!” ಎಂದು ಗಂಡ ಗಾಬರಿಯಾದ. ಅಂಗಡಿಯ ಹುಡುಗ ಅದನ್ನು ದಡಕ್ಕೆ ಎಳೆದು ತಂದ ಮೇಲೆ ನೋಂದಾಯಿತ ಬಾಡಿಗೆ ಕರಾರು ಕೇಳಿತು ಅರ್ಜಿ. ಕಟ್ಟಡ ಏಳುವವರೆಗೆ ಅದರ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ಎದ್ದ ಮೇಲೆ ಇನ್ನೊಂದರ ಬುಡಕ್ಕೆ ಸಾಗುವವರು ಯಾರೊಡನೆ ಕರಾರು ಮಾಡಿಕೊಂಡು ಎಲ್ಲಿ ನೋಂದಾಯಿಸಬೇಕು ಎಂಬುದಕ್ಕೆ ಅದರಲ್ಲಿ ಅಂಕಣವಿರಲಿಲ್ಲ.

ಇಲ್ಲಿಂದ ಪುಣೆ ದೂರವೇನಲ್ಲ. ಫುಲೆ ದಂಪತಿ 1848ರಲ್ಲಿ ಭಿಡೇವಾಡೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ ಯಾರೂ ಟೇಪು ಹಿಡಿದು ಬರಲಿಲ್ಲ, ಸೆಗಣಿ ಹಿಡಿದು ಬಂದರು. ವಿರೋಧ ಆಗ ಪ್ರಾಮಾಣಿಕವಾಗಿತ್ತು. ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದು ಜೋತಿಬಾ 1882ರಲ್ಲಿ ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗವಾದ ಹಂಟರ್ ಆಯೋಗದ ಮುಂದೆ ಕೇಳಿದರು. ಅದೇ ಪುಣೆಯ ಗೋಖಲೆ 1911ರಲ್ಲಿ ಅದಕ್ಕಾಗಿ ಮಸೂದೆ ತಂದರು, ಮರುವರ್ಷ ಸೋತರು. ಸಂವಿಧಾನದಲ್ಲಿ ಅದು ಮೂಲಭೂತ ಹಕ್ಕಾಗಲು 2002ರ ತಿದ್ದುಪಡಿಯವರೆಗೆ, ಕಾಯ್ದೆ ಜಾರಿಗೆ ಬರಲು 2010ರವರೆಗೆ ಕಾಯಬೇಕಾಯಿತು. ಅಂಥದ್ದನ್ನು ಹದಿನಾಲ್ಕೇ ವರ್ಷಕ್ಕೆ ಒಂದು ಅಧಿಸೂಚನೆಯಲ್ಲಿ ಮಡಚಿಡಲು ಹೊರಟರು.

ಹತ್ತಿರದ ಸರ್ಕಾರಿ ಶಾಲೆ ಅಷ್ಟು ಚೆನ್ನಾಗಿದ್ದರೆ, ಒಂದು ಕಿಲೋಮೀಟರಿನೊಳಗಿನ ಶ್ರೀಮಂತರ ಮಕ್ಕಳೂ ಅಲ್ಲಿಗೇ ಹೋಗಬೇಕೆಂದು ನಿಯಮ ಮಾಡಿ. ಮಾಡುವುದಿಲ್ಲ. ಚೆನ್ನಾಗಿಲ್ಲವೆಂದು ಗೊತ್ತಿದ್ದೂ ಬಡವರನ್ನು ಅಲ್ಲಿಗೆ ತಳ್ಳುವುದಕ್ಕೆ ಬೇರೆ ಹೆಸರಿದೆ, ಅದನ್ನು ಬರೆದು ಬರೆದು ಸಾಕಾಗಿದೆ. ಸರ್ಕಾರ ಆ ಸೀಟುಗಳ ಶುಲ್ಕದ ಬಾಕಿ ಕೊಡುವುದಿಲ್ಲವೆಂದು ಶಾಲೆಗಳು ದೂರುತ್ತವೆ, ಕಡತ ಮೇಜಿನಿಂದ ಮೇಜಿಗೆ ಸಾಗುತ್ತಿದೆಯೆಂದು ಸರ್ಕಾರ ಹೇಳುತ್ತದೆ. ಪ್ರವೇಶಕ್ಕೆ ವಯಸ್ಸಿನ ಮಿತಿ ಇರುವುದು ಮಗುವಿಗೆ, ಕಡತಕ್ಕಲ್ಲ.