ಕುಶಾಲಿಗೆ ಹೇಳಿದ್ದು ಮಾರಾಯ್ರೆ

ಶಿರಸಿ, ಸಿದ್ದಾಪುರ ಕಡೆ ಜೋಕಿಗೆ ಕುಶಾಲು ಅಂತಾರೆ, ಘಟ್ಟ ಇಳಿದು ಕುಮಟಾ ಹೊನ್ನಾವರಕ್ಕೆ ಹೋದ್ರೂ ಅದೇ ಕುಶಾಲು, ಕಾರವಾರ ಮುಟ್ಟಿದ್ರೆ ಕೊಂಕಣಿಯವರ ಮಸ್ಕಿರಿ ಶುರು. ಮಜಾ ಎಂತ ಅಂದ್ರೆ ಈ ಶಬ್ದ ಯಾವತ್ತೂ ಮೊದಲು ಬರೋದಿಲ್ಲ. ಆಗೋದೆಲ್ಲ ಆಗಿ, ಎದುರಿಗಿದ್ದವರ ಮುಖ ಕೆಂಪಾದ್ಮೇಲೆ "ಕುಶಾಲಿಗೆ ಹೇಳಿದ್ದು ಮಾರಾಯ್ರೆ" ಅಂತ ನಿಧಾನಕ್ಕೆ ಬರ್ತದೆ, ಅರೆಸ್ಟ್ ಆದ್ಮೇಲೆ ಕೇಳೋ ಜಾಮೀನಿನ ಹಾಗೆ.

ಹಾಗಂತ ಯಾರು ಬೇಕಾದ್ರೂ ಯಾರಿಗೆ ಬೇಕಾದ್ರೂ ಕುಶಾಲು ಮಾಡಂಗಿಲ್ಲ. ಭಾವ ಭಾವನಿಗೆ ಮಾಡಬಹುದು, ಅತ್ತಿಗೆ ನಾದಿನಿಗೆ ಮಾಡಬಹುದು, ಅಳಿಯ ಮಾವನಿಗೆ ಮಾಡಿದ್ರೆ ಮಾತ್ರ ಊಟದ ಪಂಕ್ತಿ ತಣ್ಣಗಾಗ್ತದೆ. ಯಕ್ಷಗಾನದಲ್ಲೂ ರಾಜನ ಕಾಲೆಳೆಯೋ ಪರವಾನಗಿ ಇರೋದು ಹಾಸ್ಯಗಾರನಿಗೇ. ಹೊನ್ನಾವರದ ಹತ್ರ ಕರ್ಕಿಯಲ್ಲಂತೂ ಹಾಸ್ಯಗಾರ ಅನ್ನೋದು ಮನೆತನದ ಹೆಸರೇ ಆಗಿಬಿಟ್ಟಿದೆ. ಬಾಕಿಯವರ ಮನೇಲಿ ಆ ಪಾತ್ರ ಭಾವಂದು, ನಮ್ಮ ಭಾವ ವೇಷ ಕಳಚೋದೇ ಇಲ್ಲ.

ಮೈಸೂರಿನ ಗೆಳೆಯ ಒಬ್ಬ ಬ್ಯಾಂಕ್ ಮ್ಯಾನೇಜರಾಗಿ ಶಿರಸಿಗೆ ಟ್ರಾನ್ಸ್‌ಫರ್ ಆಗಿ ಬಂದಿದ್ದ. ಮಳೆಗಾಲದಲ್ಲಿ ತೋಟ ನೋಡ್ಬೇಕು ಅಂದ, ಕರ್ಕೊಂಡು ಹೋದ್ವಿ. ತೋಟದಲ್ಲಿ ಉಂಬಳ, ಅಂದ್ರೆ ಜಿಗಣೆ, ಇರೋದು ನಿಜ, ಸುಣ್ಣನೋ ಉಪ್ಪೋ ಹಚ್ಚಿದ್ರೆ ಬಿಟ್ಟು ಬೀಳ್ತಾವೆ, ಅಷ್ಟೇ ಕಥೆ. ಭಾವ ಅಷ್ಟಕ್ಕೇ ಬಿಡ್ತಾನಾ, ಉಂಬಳ ಪ್ಯಾಂಟೊಳಗೆ ಹತ್ತಿ ಕಿವಿಯಿಂದ ಇಳೀತದೆ ಸರ್, ಅದ್ರಲ್ಲೂ ಬಯಲುಸೀಮೆ ರಕ್ತ ಅಂದ್ರೆ ಅದಕ್ಕೆ ಪಾಯಸ ಇದ್ದಂಗೆ ಅಂತ ದಾರಿಯುದ್ದಕ್ಕೂ ಹೆದರಿಸಿದ. ಹಳ್ಳಕ್ಕೆ ಹಾಕಿದ ಅಡಿಕೆಮರದ ಸಂಕ ದಾಟುವಾಗ, ಮಳೆಗೆ ಅದು ಪಾಚಿಗಟ್ಟಿ ಜಾರ್ತಿತ್ತು, ಸರಿಯಾಗಿ ನಡುಮಧ್ಯ ಬಂದಾಗ ಹಿಂದಿಂದ "ಸರ್, ಕುತ್ತಿಗೆ ಮೇಲೆ ಉಂಬಳ!" ಅಂದ. ಗೆಳೆಯ ಕುತ್ತಿಗೆಗೆ ಹೊಡ್ಕೊಂಡ, ಕೊಡೆ ಒಂದು ಕಡೆ, ಮೊಬೈಲ್ ಒಂದು ಕಡೆ, ತಾನು ಹಳ್ಳದಲ್ಲಿ ಸೊಂಟದವರೆಗೆ.

"ಕುಶಾಲಿಗೆ ಹೇಳಿದ್ದು ಮಾರಾಯ್ರೆ" ಅಂತ ಭಾವ ಕೈ ಕೊಟ್ಟ.

"ಕುಶಾಲಾ? ನಮ್ಮಲ್ಲಿ ಅದು ದಸರಾ ದಿನ ಹಾರಿಸೋ ತೋಪು ಕಣ್ರೀ!" ಅಂದ ಗೆಳೆಯ ನೀರಲ್ಲೇ ನಿಂತು. ಪಾಪ, ಜಂಬೂಸವಾರಿಯ 21 ಕುಶಾಲತೋಪು ಕೇಳಿ ಬೆಳೆದ ಪ್ರಾಣಿ, ಅವನಿಗೆ ಇದೆಲ್ಲ ಹೇಗೆ ಗೊತ್ತಾಗ್ಬೇಕು. ಮನೆಗೆ ಬಂದು ಅತ್ತೆ ಅವನ ಮೊಬೈಲನ್ನ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ರು, ಅದು ಬದುಕಲಿಲ್ಲ, ಮರುದಿನ ಅನ್ನ ಚೊಲೋ ಆಗಿತ್ತು.

ಆಮೇಲೆ ಭಾವ ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದಾಗ ಗೆಳೆಯ ಗಂಭೀರವಾಗಿ ಪಹಣಿ ತಿರುಗಿಸಿ ನೋಡಿ, ಈ ಸರ್ವೆ ನಂಬರ್ ನಿಮ್ಮ ಹೆಸರಲ್ಲೇ ಇಲ್ವಲ್ರೀ, ಲೋನ್ ಕಷ್ಟ ಅಂದನಂತೆ. ಭಾವ ಬೆವರಿ, ಅಜ್ಜನ ಕಾಲದಿಂದ ವಂಶಾವಳಿ ಹೇಳೋಕೆ ಶುರುಮಾಡಿ, ಮುತ್ತಜ್ಜನ ತನಕ ಹೋದ್ಮೇಲೆ ಗೆಳೆಯ ಸೀಲ್ ಒತ್ತಿ "ಕುಶಾಲಿಗೆ ಹೇಳಿದ್ದು ಮಾರಾಯ್ರೆ" ಅಂದ.

ಸಾಲ ಸಿಕ್ಕಿದೆ, ದುಡ್ಡು ಖಾತೆಗೂ ಬಂದಿದೆ. ಆದ್ರೂ ಭಾವನ ಸಿಟ್ಟು ಇಳಿದಿಲ್ಲ, ಎಲೆಅಡಿಕೆ ಕವಳ ಹಾಕ್ಕೊಂಡು ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಒಂದೇ ಪ್ರಶ್ನೆ: "ಅಂವ ಎಂತ ನಂಗೆ ಭಾವನಾ?"