ಪೊಲೀಸರ ಹೊಸ ತಂತ್ರಜ್ಞಾನ: ಲಗಾಮು ಸರ್ಕಾರದ ಕೈಯಲ್ಲೇ ಇರಬೇಕಾ?

ಪರ

ಬ್ರಿಟನ್‌ನಲ್ಲಿ ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಸಿಬ್ಬಂದಿ ಮಾತಾಡೋದು ಏರ್‌ವೇವ್ ಎಂಬ ಒಂದೇ ರೇಡಿಯೋ ಜಾಲದಲ್ಲಿ. ಅದರ ಬದಲು 4ಜಿ ಮೊಬೈಲ್ ಜಾಲದ ಮೇಲೆ ನಡೆಯುವ ಇಎಸ್‌ಎನ್ (ತುರ್ತು ಸೇವೆಗಳ ಜಾಲ) ತರಲು ಅಲ್ಲಿನ ಗೃಹ ಇಲಾಖೆ 2015ರಲ್ಲಿ ಗುತ್ತಿಗೆ ಕೊಟ್ಟಿತು. ಇಂಥ ಕೆಲಸಕ್ಕೆ ಸರ್ಕಾರವೇ ಬೇಕು. ಇಂಗ್ಲೆಂಡ್, ವೇಲ್ಸ್ ಎರಡರಲ್ಲೇ 43 ಪೊಲೀಸ್ ಪಡೆಗಳಿವೆ. ಒಬ್ಬೊಬ್ಬರು ಒಂದೊಂದು ಥರದ ರೇಡಿಯೋ ಸೆಟ್ ಕೊಂಡರೆ, ಎರಡು ಪಡೆಗಳ ಗಡಿಯಲ್ಲಿ ಅಪಘಾತವಾದಾಗ ಈಚೆಯವರ ಮಾತು ಆಚೆಯವರಿಗೆ ಕೇಳಿಸೋದಿಲ್ಲ.

ದುಡ್ಡಿನ ವಿಷಯವೂ ಇದೆ. ಇಎಸ್‌ಎನ್ ಗುತ್ತಿಗೆ ಹಿಡಿದಿದ್ದ ಮೊಟೊರೊಲಾ 2016ರಲ್ಲಿ ಏರ್‌ವೇವ್ ಅನ್ನೇ ಕೊಂಡುಕೊಂಡಿತು. ಹೊಸದು ತಡವಾದಷ್ಟೂ ಹಳೆಯದರಿಂದ ಅದಕ್ಕೆ ವರಮಾನ! ದರ ವಿಪರೀತವಾಯಿತು ಎಂದು 2023ರಲ್ಲಿ ಮಿತಿ ಹಾಕಿದ್ದು ಸರ್ಕಾರದ ಸ್ಪರ್ಧಾ ನಿಯಂತ್ರಣ ಸಂಸ್ಥೆ. ಒಂದು ಪಡೆಯ ಮುಖ್ಯಸ್ಥರಿಂದ ಇದು ಆಗುತ್ತಿತ್ತಾ?

ವಿರೋಧ

ಮಿತಿ ಬಂತು ಸರಿ, ಏಳು ವರ್ಷ ಕಳೆದ ಮೇಲೆ. ಖರೀದಿ ನಡೆದಾಗ ಗೃಹ ಇಲಾಖೆ ಯಾಕೆ ತಡೆಯಲಿಲ್ಲ? 2019ರ ಹೊತ್ತಿಗೆ ಪೊಲೀಸರ ಕೈಗೆ ಬರಬೇಕಿದ್ದ ಜಾಲ ಇದು. 2023ರ ವೇಳೆಗೆ ಸುಮಾರು 200 ಕೋಟಿ ಪೌಂಡ್ ಖರ್ಚಾಗಿತ್ತು. ಆಗ ಹೇಳಿದ ಹೊಸ ಗಡುವು 2029.

ಇಷ್ಟು ತಡ ಯಾಕೆ ಅಂತ ಬೀಟ್ ಪೊಲೀಸರನ್ನೇ ಕೇಳಬೇಕು. ನೆಲಮಾಳಿಗೆಗೆ ಇಳಿದರೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಏರ್‌ವೇವ್ ಸೆಟ್ ಆದರೆ ಟವರ್ ಇಲ್ಲದೆಯೂ ಪಕ್ಕದವರ ಸೆಟ್ಟಿಗೆ ನೇರವಾಗಿ ಮಾತು ತಲುಪಿಸುತ್ತದೆ. ಮೇಲೆ ಜಗಳ, ಕೆಳಗೆ ಒಬ್ಬರೇ ಸಿಬ್ಬಂದಿ ಇದ್ದಾಗ ಜೀವ ಉಳಿಸೋದು ಅದೇ. 4ಜಿ ಸೆಟ್‌ನಲ್ಲಿ ಈ ಸೌಲಭ್ಯ ತರೋದು ತುಂಬಾ ಕಷ್ಟವಾಯಿತು. ಹೆಲಿಕಾಪ್ಟರ್‌ಗೆ, ಲಂಡನ್ನಿನ ಸುರಂಗ ರೈಲಿಗೆ 4ಜಿ ಸಿಗ್ನಲ್ ಮುಟ್ಟಿಸೋದೂ ಕಷ್ಟವೇ ಆಯಿತು. ಇವೆಲ್ಲ ಬಳಸುವವರಿಗೆ ಮೊದಲೇ ಗೊತ್ತಿರುವ ಸಂಗತಿಗಳು. ದಿನಾಂಕ ನಿಗದಿ ಮಾಡುವ ಮುಂಚೆ ಅವರ ಮಾತಿಗೆ ಬೆಲೆ ಸಿಗಬೇಕಿತ್ತು, ಅಲ್ವಾ?

ನನಗೆ ಇನ್ನೂ ದೊಡ್ಡ ತಕರಾರಿದೆ. ಗೃಹ ಇಲಾಖೆ ಮೇಲ್ವಿಚಾರಕನೂ ಹೌದು, ಕೆಲಸ ಮಾಡಿಸುವವನೂ ಹೌದು. 1974ರಲ್ಲಿ ಶುರುವಾದ, ಅಪರಾಧ ದಾಖಲೆಗಳನ್ನು ಇಡುವ ಪೊಲೀಸ್ ರಾಷ್ಟ್ರೀಯ ಕಂಪ್ಯೂಟರ್‌ನಿಂದ ಲಕ್ಷಗಟ್ಟಲೆ ದಾಖಲೆ ಅಳಿಸಿಹೋಗಿದ್ದು 2021ರ ಜನವರಿಯಲ್ಲಿ ಬಯಲಾಯಿತು. ಆ ತಪ್ಪು ಕೋಡ್ ಬಂದಿದ್ದು ಇಲಾಖೆಯ ಒಳಗಿನಿಂದಲೇ. ತನ್ನ ಕೆಲಸವನ್ನು ತಾನೇ ತಪಾಸಣೆ ಮಾಡಿಕೊಂಡರೆ ಹೀಗೇ ಆಗೋದು. ಲೆಕ್ಕ ಪರಿಶೋಧಕರು ಬರುವ ಹೊತ್ತಿಗೆ ಹಣ ಹೋಗಿರುತ್ತದೆ.

ಸರ್ಕಾರ ದುಡ್ಡು ಕೊಡಲಿ, ಎಲ್ಲರಿಗೂ ಒಂದೇ ಮಾನದಂಡ ಇಡಲಿ. ಆದರೆ ಏರ್‌ವೇವ್ ನಿಲ್ಲಿಸುವ ದಿನವನ್ನು ಅದರ ಸೆಟ್ ಹಿಡಿದು ಓಡುವ ಪೊಲೀಸರೇ ನಿರ್ಧರಿಸಲಿ. ನೆಲಮಾಳಿಗೆಯಲ್ಲಿ ಮಾಡಿದ ಪರೀಕ್ಷೆಯ ಫಲಿತಾಂಶ ಸಂಸತ್ತಿನ ಮುಂದೆ ಬರಲಿ.